ಕಾರ್ನಾಡರ ಓದಿನ ಜೊತೆಗೆ ಅವರ ನೋಟವೂ ಇದೆ

ಗಿರೀಶ ಕಾರ್ನಾಡರೊಳಗಿನ ಚಿತ್ರಕಥೆಗಾರನನ್ನು ರೂಪಿಸಿದ್ದು ಅವರ ವಿಸ್ತಾರವಾದ ಓದು ಎಂದು ಅವರ ಓದನ್ನು ಕುರಿತ ಲೇಖನವೊಂದು ಹೇಳುತ್ತದೆ; ಲೇಖಕರ ಆ ಮಾತನ್ನು ಒಪ್ಪುತ್ತೇನೆ. ಆದರೆ ಕಾರ್ನಾಡರು ನೋಡಿ ಬೆಳೆದ ಆಟ, ನಾಟಕಗಳಿಗೆ ಲೇಖನದಲ್ಲಿ ಒಂದೇ ವಾಕ್ಯ ದೊರೆತಿರುವುದು ಸಾಲದು. ಬಾಲ್ಯದಲ್ಲಿ ಶಿರಸಿಯಲ್ಲಿ ಕಂಡ ಯಕ್ಷಗಾನ ಮತ್ತು ಕಂಪನಿ ನಾಟಕಗಳು ಅವರಿಗೆ ಹೊತ್ತು ಕಳೆಯುವ ಮನರಂಜನೆ ಮಾತ್ರವಾಗಿರಲಿಲ್ಲ. ಜರ್ಮನ್ ಲೇಖಕ ಥಾಮಸ್ ಮಾನ್ ಅವರ ಕಿರುಕಾದಂಬರಿಯಿಂದ ಪಡೆದ ವಸ್ತುವನ್ನು ‘ಹಯವದನ’ ನಾಟಕದಲ್ಲಿ, ಯಕ್ಷಗಾನದಲ್ಲಿ ಹಾಡುತ್ತ ಕಥೆ ನಡೆಸುವ ಭಾಗವತನ ಬಾಯಿಂದ ಹೇಳಿಸಬೇಕೆಂದು ಅವರಿಗೆ ತೋಚಿದ್ದು ಆ ನೋಟದ ಬಲದಿಂದಲೇ ಎಂದು ನಾನು ಭಾವಿಸುತ್ತೇನೆ. ರಾಜಾಜಿಯವರ ಮಹಾಭಾರತವನ್ನು ಓದಿದ್ದು ‘ಯಯಾತಿ’ ನಾಟಕಕ್ಕೆ ಕಾರಣವಾಯಿತು ಎಂಬುದು ಬಹಳ ಮಂದಿಗೆ ತಿಳಿದ ಸಂಗತಿ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಸಿನಿಮಾದ ಮಟ್ಟಿಗೆ ಹೇಳುವುದಾದರೆ, 1970ರ ‘ಸಂಸ್ಕಾರ’ಕ್ಕೆ ಅನಂತಮೂರ್ತಿಯವರ ಕಾದಂಬರಿಯಿಂದ ಚಿತ್ರಕಥೆ ಬರೆಯುವಾಗ ಕಥಾನಾಯಕ ಪ್ರಾಣೇಶಾಚಾರ್ಯರ ಮನಸ್ಸಿನೊಳಗೇ ನಡೆಯುವ ತೊಳಲಾಟವನ್ನು ಮುಖಭಾವಕ್ಕೂ ನಡಿಗೆಗೂ ಮೌನಕ್ಕೂ ವರ್ಗಾಯಿಸಬೇಕಾಗಿತ್ತು, ಮತ್ತು ಆ ಪಾತ್ರವನ್ನು ಸ್ವತಃ ಅವರೇ ಅಭಿನಯಿಸಿದ್ದರಿಂದ ಓದುಗ, ಬರಹಗಾರ, ನಟ ಮೂವರೂ ಅಲ್ಲಿ ಒಬ್ಬರೇ ಆದರು. ಯಾವುದನ್ನು ಬಿಡಬೇಕೆಂದು ಬಲ್ಲ ಓದು ಎಷ್ಟು ಅಪರೂಪದ್ದೆಂಬುದು ಕಾದಂಬರಿಯನ್ನು ಪಕ್ಕದಲ್ಲಿಟ್ಟುಕೊಂಡು ಆ ಚಿತ್ರವನ್ನು ನೋಡಿದವರಿಗೆ ಅರಿವಾಗುತ್ತದೆ. 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಹಿಂದೆಯಂತೂ ಪುಸ್ತಕಕ್ಕಿಂತ ಹೆಚ್ಚಾಗಿ ಜಪಾನಿನ ನಿರ್ದೇಶಕ ಕುರೊಸಾವಾ ಅವರ ಸಮುರಾಯ್ (ಯೋಧರ) ಚಿತ್ರಗಳ ಮೇಲಿನ ಪ್ರೀತಿಯಿದೆ. ಹೀಗಿರುವಾಗ ಅವರ ಕಪಾಟಿನ ಪುಸ್ತಕಗಳನ್ನಷ್ಟೇ ಎಣಿಸಿದರೆ ಅರ್ಧ ಕಾರ್ನಾಡರು ಮಾತ್ರ ಸಿಗುತ್ತಾರೆ. ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ದ ಶಿರಸಿಯ ಪುಟಗಳನ್ನು ಆಧರಿಸಿ ಲೇಖಕರು ಇದರ ಮುಂದಿನ ಭಾಗವನ್ನು ಬರೆಯಬೇಕೆಂದು ವಿನಂತಿಸುತ್ತೇನೆ.