23 ಕಿಲೊ

ಒಂದೇ ಕುಟುಂಬವನ್ನು ಎರಡು ಸಲ ಬೀಳ್ಕೊಡುವುದು ಹೇಗೆ ಎಂಬುದಕ್ಕೆ ನಮ್ಮ ಚರ್ಚಿನ ಸಭೆಯಲ್ಲಿ ಯಾವ ಪದ್ಧತಿಯೂ ಇಲ್ಲ. ಮೊದಲನೆಯ ಸಲ ಎಲ್ಲವೂ ಕ್ರಮವಾಗಿಯೇ ನಡೆದಿತ್ತು. ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ನನ್ನ ಗೆಳೆಯ, ಅವನ ಹೆಂಡತಿ, ಮಗಳು ಮೂವರನ್ನೂ ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಹನ್ನೆರಡು ನಿಮಿಷ ಮಾತನಾಡಿದೆ. ನಡುವೆ ಎರಡು ಕಡೆ ನನ್ನ ಗಂಟಲು ಕಟ್ಟಿತು, ಅದರಲ್ಲಿ ಒಂದನ್ನು ಮಾತ್ರ ಮೊದಲೇ ಯೋಚಿಸಿಕೊಂಡು ಹೋಗಿದ್ದೆ. ಮುಂದಿನ ಭಾನುವಾರ ಬಂದು ನೋಡಿದರೆ ಮೂವರೂ ಎಡಗಡೆಯ ನಾಲ್ಕನೆಯ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿ, ಎಂದಿನ ಜಾಗದಲ್ಲಿಯೇ ಕುಳಿತಿದ್ದಾರೆ. ವೀಸಾ ಇನ್ನೂ ಕೈಗೆ ಬಂದಿಲ್ಲವಂತೆ.

ಹೀಗೆ ಐದು ಭಾನುವಾರಗಳು ಕಳೆದವು. ‘ಇನ್ನೂ ಹೋಗಿಲ್ಲೇನ್ರಿ?’ ಎಂದು ಕೇಳಿದವರಿಗೆಲ್ಲ ಗೆಳೆಯನು ಸಾಲ ತೀರಿಸದವನಂತೆ ನಗುತ್ತಿದ್ದನು. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಕುಳಿತವನು ಇನ್ನೂ ಕೆಲವು ವಾರ ಇಲ್ಲಿಯೇ ಇರುತ್ತಾನೆಂದು ನಾನು ಸಂತೋಷಪಡಬೇಕಿತ್ತು. ನಿಜ ಹೇಳುವುದಾದರೆ, ಅಷ್ಟು ಚೆನ್ನಾದ ಭಾಷಣ ವ್ಯರ್ಥವಾಯಿತಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು.

ಅವರು ಹೊರಟಿದ್ದದ್ದು ಜರ್ಮನಿಯ ಸ್ಟಟ್‌ಗಾರ್ಟಿಗೆ. ಮೊದಲನೆಯ ಬೀಳ್ಕೊಡುಗೆಯಲ್ಲಿ, ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದದ್ದು, 1853ರಲ್ಲಿ ಕಿಟ್ಟೆಲ್ಲರು ಈ ನಾಡಿಗೆ ಬಂದದ್ದು, ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು, 1903ರಲ್ಲಿ ಅವರು ಅದೇ ಸ್ಟಟ್‌ಗಾರ್ಟಿನ ಹತ್ತಿರದ ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡದ್ದು, ಇವನ್ನೆಲ್ಲ ಪೋಣಿಸಿ, ಅಲ್ಲಿಂದ ಬಂದದ್ದನ್ನು ನಮ್ಮವರು ಈಗ ಅಲ್ಲಿಗೆ ಒಯ್ಯುತ್ತಿದ್ದಾರೆ ಎಂದು ಹೇಳಿ, ಆ ನಿಘಂಟಿನ ಒಂದು ಮರುಮುದ್ರಣವನ್ನೇ ನಾನು ಅವರ ಕೈಗಿತ್ತಿದ್ದೆ. ಸಭೆಯವರು ಚಪ್ಪಾಳೆ ತಟ್ಟಿದ್ದರು. ಎರಡನೆಯ ಬೀಳ್ಕೊಡುಗೆಯ ದಿನ ಕಿಟ್ಟೆಲ್ಲರೇ ನನ್ನ ಮಾನ ಉಳಿಸಿದರು: ಅವರೂ ಒಮ್ಮೆ ತಮ್ಮೂರಿಗೆ ಮರಳಿ, ನಿಘಂಟಿನ ಕೆಲಸಕ್ಕಾಗಿ ಮತ್ತೆ ಇಲ್ಲಿಗೆ ಬಂದು, ಆಮೇಲೆ ಹಿಂತಿರುಗಿ ಹೋದವರು, ಆದ್ದರಿಂದ ಅವರಿಗೂ ಎರಡು ಬೀಳ್ಕೊಡುಗೆಗಳು ಆಗಿರಬೇಕು ಎಂದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಚಹಾ ಕಾಯುತ್ತಿತ್ತು.

ಆದರೆ ನಾನು ಹೇಳಬೇಕೆಂದಿರುವುದು ಹೊರಡುವ ಹಿಂದಿನ ರಾತ್ರಿಯ ಸಂಗತಿ. ಧಾರವಾಡದ ಮಾಳಮಡ್ಡಿಯ ಅವರ ಮನೆಯಲ್ಲಿ ಪೆಟ್ಟಿಗೆಗಳನ್ನು ತೂಗುವ ಕೆಲಸ ನಡೆದಿತ್ತು. ವಿಮಾನದವರ ಲೆಕ್ಕದಲ್ಲಿ ಒಂದು ಪೆಟ್ಟಿಗೆಗೆ 23 ಕಿಲೊ. ಗೆಳೆಯನು ಕೊಕ್ಕೆಯ ತೂಕದ ಯಂತ್ರವೊಂದನ್ನು ತರಿಸಿದ್ದನು. ಅವನು ಪೆಟ್ಟಿಗೆಯನ್ನು ಅದಕ್ಕೆ ಸಿಕ್ಕಿಸಿ ಎರಡು ಕೈಯಿಂದ ಎತ್ತಿ ಉಸಿರು ಬಿಗಿಹಿಡಿದು ನಿಲ್ಲಬೇಕು, ನಾನು ಮೊಣಕಾಲೂರಿ ಮೊಬೈಲಿನ ಬೆಳಕಿನಲ್ಲಿ ಅಂಕಿಗಳನ್ನು ಓದಬೇಕು. ಮೊದಲು 26.8 ಎಂದಿತು, ಇಳಿಸಿ ಎತ್ತಿದರೆ 27.1 ಎಂದಿತು. ಓಣಿಯ ಕಿರಾಣಿ ಅಂಗಡಿಯ ಕಾಟಾ ಕೂಡ ಇಷ್ಟು ಮನಸ್ಸು ಬದಲಿಸುವುದಿಲ್ಲ ಎಂದು ನಾನೆಂದೆ. ಗೆಳೆಯನ ಹೆಂಡತಿ ಒಂದು ಮಾತನ್ನೂ ಆಡದೆ ಪೆಟ್ಟಿಗೆಯ ಜಿಪ್ಪನ್ನು ಎಳೆದು, ಯಾವ ಅನುಮಾನಕ್ಕೂ ಎಡೆಗೊಡದೆ, ಮೊಟ್ಟಮೊದಲಿಗೆ ಹೊರಗೆ ತೆಗೆದದ್ದು ನಿಘಂಟನ್ನು. 1,700ಕ್ಕೂ ಹೆಚ್ಚು ಪುಟ. ಅದನ್ನು ಒಂಟಿಯಾಗಿ ತೂಗಿದಾಗ ಮಾತ್ರ ಆ ಯಂತ್ರವು ತಡವರಿಸದೆ 3.4 ಎಂದಿತು.

‘ಅಣ್ಣಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ, ಡಿಕ್ಷನರಿ ಈಗ ಮೊಬೈಲ್‌ನ್ಯಾಗನ ಸಿಗ್ತೈತಿ’ ಎಂದಳು.

ಉಳಿದದ್ದೇನು ಎಂದು ನಾನೂ ಇಣುಕಿದೆ. ಪತ್ರಿಕೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಬ್ಯಾಡಗಿ ಮೆಣಸಿನಕಾಯಿಯ ಖಾರ, ಎರಡು ಕಿಲೊ ಪೇಢೆ. ಆಗ ನನ್ನೊಳಗಿನ ಸಣ್ಣ ಮನುಷ್ಯ ಎದ್ದು ನಿಂತನು. ಹಾಲಿನ ಪದಾರ್ಥಗಳನ್ನು ಭಾರತದಿಂದ ಐರೋಪ್ಯ ಒಕ್ಕೂಟದ ದೇಶಗಳೊಳಗೆ ಪ್ರಯಾಣಿಕರು ಒಯ್ಯುವಂತಿಲ್ಲ ಎಂಬ ನಿಯಮವನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಪೇಢೆಯ ಡಬ್ಬಗಳು ಹೊರಗೆ ಬಂದವು. ತೆರವಾದ ಜಾಗದಲ್ಲಿ ಕಿಟ್ಟೆಲ್ಲರಿಗೆ ಅರ್ಧ ಸ್ಥಳವಾದರೂ ಸಿಕ್ಕೀತೆಂದು ಕಾದೆ. ಅಲ್ಲಿಗೆ ಬಂದು ಕುಳಿತದ್ದು ತೆಳು ಅವಲಕ್ಕಿ.

ಪೇಢೆಯನ್ನೂ ನಿಘಂಟನ್ನೂ ನಾನೇ ಹೊತ್ತುಕೊಂಡು ಮನೆಗೆ ಬಂದೆ. ನಿಘಂಟನ್ನು ಇನ್ನೊಬ್ಬರಿಗೆ ಕೊಡೋಣವೆಂದರೆ ಮೊದಲ ಪುಟದಲ್ಲಿ ಅವರ ಹೆಸರನ್ನೂ ಮೊದಲ ಬೀಳ್ಕೊಡುಗೆಯ ತಾರೀಖನ್ನೂ ಬರೆದು, ಆ ತಾರೀಖನ್ನು ಹೊಡೆದುಹಾಕಿ ಎರಡನೆಯದನ್ನು ಬರೆದಿದ್ದೇನೆ. ಪೇಢೆ ಮುಗಿಯಿತು.

ಈಗ ಭಾನುವಾರ ಸಂಗೀತ ಪುಸ್ತಕ ತೆರೆದಾಗ ನನಗೆ ತೊಂದರೆಯಾಗುತ್ತದೆ. ಕನ್ನಡಕ ಮರೆತು ಬರುವುದು ನನ್ನ ಹಳೆಯ ಚಾಳಿ. ಫಲಕದ ಮೇಲಿನ ಹಾಡಿನ ಸಂಖ್ಯೆಯನ್ನು ನೋಡಿ ಪುಟ ತೆಗೆದು ಕೊಡುವುದು ಅವನ ಕೆಲಸವಾಗಿತ್ತು. ಹಾಡುವಾಗ ಶ್ರುತಿ ತಪ್ಪುತ್ತಿದ್ದನು, ಅದೂ ನನ್ನ ಕಿವಿಯ ಪಕ್ಕದಲ್ಲಿಯೇ. ಈಗ ಅಲ್ಲಿ ಕುಳಿತುಕೊಳ್ಳುವ ಹುಡುಗ ಬಹಳ ಸರಿಯಾಗಿ ಹಾಡುತ್ತಾನೆ. ಅವನೂ ಜರ್ಮನ್ ಭಾಷೆಯ ತರಗತಿಗೆ ಸೇರಿದ್ದಾನೆಂದು ಕೇಳಿದೆ.

ಮೊನ್ನೆ ಗೆಳೆಯ ಫೋನ್ ಮಾಡಿದ್ದನು. ಚಳಿ, ಮಗಳ ಶಾಲೆ, ಅಲ್ಲಿಯ ಚರ್ಚಿನಲ್ಲಿ ಬೆರಳೆಣಿಕೆಯಷ್ಟು ಮುದುಕರು, ಎಲ್ಲವನ್ನೂ ಹೇಳಿದನು. ನಿಘಂಟಿನ ಸುದ್ದಿ ಎತ್ತಲಿಲ್ಲ. ಕೊನೆಗೆ, ‘ಅಣ್ಣಾರ, ಚಟ್ನಿ ಎಲ್ಲಾ ಖಾಲಿ ಆತ್ರಿ, ಯಾರರ ಈ ಕಡೆ ಬರಾವ್ರಿದ್ರ ನೋಡ್ರಿ’ ಎಂದನು. ಮುಂದಿನ ತಿಂಗಳು ನಮ್ಮ ಸಭೆಯದೇ ಒಬ್ಬ ವಿದ್ಯಾರ್ಥಿ ಅತ್ತ ಹೊರಟಿದ್ದಾನೆ. ಪೊಟ್ಟಣವನ್ನು ನಾನೇ ಬಟ್ಟೆಯಲ್ಲಿ ಹೊಲಿದು, ಮೇಲೆ ‘ಶೇಂಗಾ ಚಟ್ನಿ’ ಎಂದು ಬರೆದಿಟ್ಟಿದ್ದೇನೆ. ಸಭೆಯ ಹಿರಿಯನಾದವನು ಸುಳ್ಳು ಬರೆಯಬಾರದೆಂದು, ನಿಘಂಟಿನ ಮೇಲೆ ಕಾಲು ಕಿಲೊ ಚಟ್ನಿಯನ್ನೂ ಇಟ್ಟಿದ್ದೇನೆ.