ಚತಕೋರ ಪಿಜ್ಜಾ

ಪೇಪರಿನಲ್ಲಿ ಆ ಫೋಟೊ ನೀವೂ ನೋಡಿರುತ್ತೀರಿ. ‘ಸರ್ಕಾರಿ ಶಾಲೆ ಮಕ್ಕಳಿಗೆ ಎಂಜಿನಿಯರುಗಳ ಪಾಠ’. ನಾನು ಕನ್ನಡಕ ಏರಿಸಿಕೊಂಡು ಎಣಿಸಿದೆ. ಎಂಜಿನಿಯರುಗಳು ಹನ್ನೊಂದು ಮಂದಿ, ಫ್ಲೆಕ್ಸ್ ಒಂದು, ಖಡು (ಸೀಮೆಸುಣ್ಣ) ಒಂದು. ಮಕ್ಕಳೂ ಇದ್ದಾರೆ, ಇಲ್ಲ ಅನ್ನಬೇಡಿ. ಫ್ಲೆಕ್ಸಿನ ಕೆಳಗೆ ಸಾಲಾಗಿ ಕಾಣುವ ಬರಿಗಾಲುಗಳು ಅವರವೇ. ಬಲತುದಿಯಲ್ಲಿ ಫ್ಲೆಕ್ಸ್ ಹಿಡಿದ ಒಂದು ಕೈ ಮೊಣಕೈವರೆಗೆ ಮಾತ್ರ ಬಂದಿದೆ. ಆ ಕೈಯ ವಿಷಯ ಆಮೇಲೆ ಹೇಳುತ್ತೇನೆ.

ಆ ದಿನ ನಾನು ಅಲ್ಲೇ ಇದ್ದೆ. ಹೆಡ್ ಮಾಸ್ತರ ನನ್ನ ಹಳೇ ಗೆಳೆಯ. ಹಿಂದಿನ ರಾತ್ರಿ ಫೋನ್ ಮಾಡಿ, “ನಾಳೆ ಒಂಚೂರು ಬಾರಪಾ, ಪಾಲಕರ ಕುರ್ಚಿ ಖಾಲಿ ಕಾಣ್ತಾವ, ಫೋಟೊದಾಗ ಚಲೋ ಅನಸೂದಿಲ್ಲ” ಅಂದಿದ್ದ. ಹೀಗೆ ನಾನೂ ಸ್ವಯಂಸೇವಕನೇ, ಕುರ್ಚಿ ತುಂಬುವ ವಿಭಾಗದಲ್ಲಿ.

ಸೆಪ್ಟೆಂಬರ್ 15 ವಿಶ್ವೇಶ್ವರಯ್ಯನವರು ಹುಟ್ಟಿದ ದಿನ, ಎಂಜಿನಿಯರುಗಳ ದಿನ. ಆ ಲೆಕ್ಕದಲ್ಲಿ ಒಂದು ಶನಿವಾರ ಹಿಡಿದಿದ್ದರು. ಶನಿವಾರ ಮುಂಜಾನಿ ಸಾಲಿ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಬಾಗಲಕೋಟೆಯ ಮಕ್ಕಳು ಮನೆಗೆ ಓಡುವ ಹೊತ್ತಿಗೆ ನವನಗರದ ಲಾಡ್ಜಿನಿಂದ ಎರಡು ಇನೋವಾ ಬಂದವು. ಸ್ವಾಗತ ಗೀತೆ, ದೀಪ, ಮಾಲೆ, ಶಾಲು, ತಲೆಗೊಂದು ಅಮೀನಗಡ ಕರದಂಟಿನ ಡಬ್ಬಿ. ಹನ್ನೊಂದು ಶಾಲು ಹೊದಿಸಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಏಳನೇ ಇಯತ್ತೆಯ ಕಾಲ ಮತ್ತು ಕೆಲಸದ ಲೆಕ್ಕಕ್ಕೆ ಹಾಕಬಹುದಿತ್ತು, ಯಾರೂ ಹಾಕಲಿಲ್ಲ. ಮುಖ್ಯ ಭಾಷಣಕಾರರು “ಸರ್ ಎಂವಿ ಬೀದಿದೀಪದ ಬುಡದಲ್ಲಿ ಓದಿದರು” ಅನ್ನುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಪಾಠ ಪೂರ್ತಿ ಪ್ರೊಜೆಕ್ಟರಿನಲ್ಲಿತ್ತು. ಹನ್ನೊಂದು ಮಂದಿ ಎಂಜಿನಿಯರುಗಳು ಸ್ವಿಚ್ ಬೋರ್ಡಿನ ಸುತ್ತ ನಿಂತು ಅದನ್ನೇ ದಿಟ್ಟಿಸಿದರು. ನಾನು ಅಷ್ಟು ವಿದ್ಯಾವಂತ ಮೌನವನ್ನು ಹಿಂದೆ ಕೇಳಿರಲಿಲ್ಲ.

ಕರೆಂಟು ಬಂದ ಮೇಲೆ ಭಿನ್ನರಾಶಿ ಶುರುವಾಯಿತು. ಪರದೆಯ ಮೇಲೆ ದೊಡ್ಡದೊಂದು ಪಿಜ್ಜಾ. “ಮಕ್ಕಳೇ, ಈ ಪಿಜ್ಜಾನ ನಾಲ್ಕು ಭಾಗ ಮಾಡಿ ಒಂದು ತಗೊಂಡ್ರೆ ಏನಂತೀವಿ?” ಮಕ್ಕಳು ಪಿಜ್ಜಾ ನೋಡುತ್ತ ಕೂತರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು “ಚತಕೋರ್‍ರೀ ಸರ” ಅಂದಳು.

“ಏನಮ್ಮಾ?”

“ಚತಕೋರ್‍ರೀ. ರೊಟ್ಟಿ ಮುರೀತೀವಲ್ಲರೀ, ಅರ್ಧಾದಾಗ ಅರ್ಧಾ.”

ಅವರು ಪ್ರೀತಿಯಿಂದಲೇ ನಕ್ಕು, “ಅಲ್ಲ ಪುಟ್ಟಾ, ಒನ್ ಬೈ ಫೋರ್” ಅಂದು ಮುಂದಿನ ಚಿತ್ರಕ್ಕೆ ಹೋದರು. ಮೂರು ಹೊತ್ತೂ ಜೋಳದ ರೊಟ್ಟಿಯ ಮೇಲೆ ಭಿನ್ನರಾಶಿ ಮಾಡುವ ಊರಿಗೆ ಪಿಜ್ಜಾ ತಂದು ಕಾಲುಭಾಗ ತೋರಿಸಿದ್ದಕ್ಕೆ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಅದಕ್ಕೇ ಕರೆದಿದ್ದರು.

ದಶಮಾಂಶದ ಕಥೆಯಂತೂ ಕೇಳಲೇಬೇಡಿ. “ಪಾಯಿಂಟ್ ಆದ ಮೇಲಿನ ಅಂಕಿಗಳಿಗೆ ಹೆದರಬೇಡಿ” ಅಂತ ಧೈರ್ಯ ತುಂಬಿದರು. ಯಾರಿಗೆ? ಬಾಗಲಕೋಟೆಯವರಿಗೆ! ನಮ್ಮಲ್ಲಿ ಚಹಾದಂಗಡಿಯಲ್ಲಿ ಬೀಡಿ ಹಚ್ಚುತ್ತ ಕೂತ ಮುದುಕನನ್ನು ಎಬ್ಬಿಸಿ ಕೇಳಿ. ಆಲಮಟ್ಟಿ ಅಣೆಕಟ್ಟಿನಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರಿಗೆ, ಕೃಷ್ಣಾ ನೀರಿನ ಜಗಳ ಕೇಳಿದ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಹೇಳಿದ್ದು 524.256 ಮೀಟರಿಗೆ. ಪಾಯಿಂಟ್ ಆದ ಮೇಲೆ ಮೂರು ಅಂಕಿ, ಒಂದೂ ಬಿಡದೆ ಹೇಳುತ್ತಾನೆ. ಅರ್ಧ ಊರು ನೀರಿಗೆ ಬಿಟ್ಟುಕೊಟ್ಟು ಬಂದವರು ನಾವು. ಅಜ್ಜಿಗೆ ಹಳೇ ಮನೆ ಎಲ್ಲಿತ್ತು ಅಂತ ಕೇಳಿದರೆ ಓಣಿಯ ಹೆಸರಿಗಿಂತ ಮೊದಲು “ಐದನೂರಾ ಇಪ್ಪತ್ತೊಂದರಾಗ ಬರತಿತ್ತು” ಅನ್ನುತ್ತಾಳೆ. ಪರಿಹಾರದ ಕಾಗದ ಓದಿ ಓದಿ ದಶಮಾಂಶ ಕಲಿತ ಜಿಲ್ಲೆ ಇದು. ನಮ್ಮನ್ನು ಹೆದರಿಸಲಿಕ್ಕೆ ಪಾಯಿಂಟ್ ಆದ ಮೇಲೆ ನಾಲ್ಕನೇ ಅಂಕಿಯೇ ಬೇಕು.

ಕೊನೆಗೆ ಪ್ರಯೋಗ. ರಟ್ಟಿನ ಅಗ್ನಿಪರ್ವತ, ಒಳಗೆ ಅಡಿಗೆ ಸೋಡಾ, ಮೇಲೆ ವಿನೆಗರ್, ಕೆಂಪು ಬಣ್ಣದ ನೊರೆ. ಸೋಡಾ ತರುವುದನ್ನು ಮರೆತು ಬಂದಿದ್ದರು, ಬಿಸಿಯೂಟದ ಕೋಣೆಯಿಂದ ಪಾಕೀಟು ಬಂತು. ಪರ್ವತ ಉಕ್ಕಿತು, ಮಕ್ಕಳು ಕುಣಿದರು, ಅಡಿಗೆಯಾಕಿ ಮಾತ್ರ ಬಾಗಿಲಲ್ಲಿ ನಿಂತು ಪಾಕೀಟು ವಾಪಸ್ ಬರುತ್ತದೋ ಇಲ್ಲವೋ ಅಂತ ನೋಡುತ್ತಿದ್ದಳು.

ಈಗ ಆ ಕೈ.

ಇಷ್ಟು ಹೊತ್ತೂ ವಾಯರ್ ಹಿಡಿದು, ಪ್ರೊಜೆಕ್ಟರಿನ ಬುಡಕ್ಕೆ ಪಾಟಿಚೀಲ ಇಟ್ಟು ಎತ್ತರ ಮಾಡಿ, ಹಿಂದಿನ ಬೆಂಚಿನ ಹುಡುಗರನ್ನು ಸುಮ್ಮನಾಗಿಸಿ ಓಡಾಡುತ್ತಿದ್ದ ಒಬ್ಬ ಹುಡುಗನಿದ್ದ. ಗಣಿತದ ಅತಿಥಿ ಶಿಕ್ಷಕ. ಬಿಇ ಮುಗಿಸಿ ಮೇಲೆ ಬಿಇಡಿ ಮಾಡಿದವನು. ಫೋಟೊಕ್ಕೆ ನಿಲ್ಲುವಾಗ ಬಂದವರಲ್ಲೊಬ್ಬರು ಅವನನ್ನು ಗುರುತು ಹಿಡಿದರು. ಇಬ್ಬರೂ ಒಂದೇ ಕಾಲೇಜು, ಒಂದೇ ಬ್ಯಾಚು, ಬೆಳಗಾವಿಯ ವಿಟಿಯು ಕೊಟ್ಟ ಒಂದೇ ನಮೂನೆಯ ಪದವಿ ಪತ್ರ.

“ಲೇ, ನೀ ಇಲ್ಲೇನ ಮಾಡಾಕತ್ತೀ? ನೀನೂ ವಾಲಂಟಿಯರ್ ಏನೋ?”

“ಹೂಂನೋ, ಜೂನ್‌ದಿಂದ.”

ಅವರಿಗೆ ಹೆಮ್ಮೆಯಾಗಿ ಬೆನ್ನು ತಟ್ಟಿದರು. ಹೆಡ್ ಮಾಸ್ತರ ನೆಲ ನೋಡಿದ. ಜೂನಿನಿಂದ ಆ ಹುಡುಗನ ಗೌರವಧನ ಬಂದಿಲ್ಲ ಅನ್ನುವುದು ಅವನಿಗೆ ಗೊತ್ತು. 2025ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೆ ಪ್ರಾಥಮಿಕ ಶಾಲೆಗೆ ತಿಂಗಳಿಗೆ 12,000 ಆಗಿದೆ. ಬಂದರೆ. ಗೌರವ ತಿಂಗಳಾ ತಿಂಗಳಾ ಬರುತ್ತದೆ, ಧನ ಹಿಂದಿನಿಂದ ಎತ್ತಿನಗಾಡಿಯಲ್ಲಿ ಬರುತ್ತದೆ. ಬೀದಿದೀಪದ ಕಥೆ ಹೇಳುವವರು ಹೇಳದೆ ಬಿಟ್ಟ ಮಾತೊಂದಿದೆ. ವಿಶ್ವೇಶ್ವರಯ್ಯನವರೂ ಬೆಂಗಳೂರಿನಲ್ಲಿ ಓದುವಾಗ ಮನೆಪಾಠ ಹೇಳಿಯೇ ಹೊಟ್ಟೆ ಹೊರೆದವರು. ಪಾಠ ಹೇಳಿದ್ದಕ್ಕೆ ಅವರಿಗೆ ಶಾಲು ಹೊದಿಸಿ ಕಳಿಸಿದ್ದರೆ ಕನ್ನಂಬಾಡಿ ಕಟ್ಟುವವರೆಗೆ ಬದುಕುತ್ತಿದ್ದರೋ ಇಲ್ಲವೋ.

ಇಂಥ ಸೇವೆಗೆ ಪ್ರತಿಸೇವೆ ಮಾಡದಿದ್ದರೆ ಋಣ ಉಳಿಯುತ್ತದೆ. ಅದಕ್ಕೇ ನನ್ನದೊಂದು ಸೂಚನೆ. ಶಿಕ್ಷಕರ ದಿನಾಚರಣೆಯ ಅಂಗವಾಗಿ ಜಿಲ್ಲೆಯ ಮಾಸ್ತರರು, ಅಕ್ಕೋರು ಎಲ್ಲ ಸೇರಿ ಒಂದು ಶನಿವಾರ ಆಲಮಟ್ಟಿಗೆ ಹೋಗಲಿ. ಇಪ್ಪತ್ತಾರು ಗೇಟುಗಳಿವೆ, ತಲಾ ಎರಡು ಗೇಟು ಎತ್ತಿ ಇಳಿಸಿ, ಸೆಲ್ಫಿ ತೆಗೆದುಕೊಂಡು, ಪ್ರಮಾಣಪತ್ರ ಇಸಿದುಕೊಂಡು ಬರಲಿ. ಯಾಕೆ, ಬೇಡವೇ? ಗೇಟಿಗೆ ತರಬೇತಿ ಬೇಕು, ಏಳನೇ ಇಯತ್ತೆಯ ಗಣಿತಕ್ಕೆ ಬೇಡ?

ಹಾಗೆ ನೋಡಿದರೆ ಅದಲುಬದಲು ಆಗಲೇ ಶುರುವಾಗಿದೆ. 2025ರ ದಸರೆಯ ಜಾತಿ ಸಮೀಕ್ಷೆಯಲ್ಲಿ ನಮ್ಮ ಮಾಸ್ತರರು ಮನೆಮನೆಯ ಕರೆಂಟ್ ಮೀಟರಿನ ನಂಬರ್ ಹುಡುಕುತ್ತ ತಿರುಗಿದರು. ಎಂಜಿನಿಯರು ಸಾಲಿಯಲ್ಲಿ, ಮಾಸ್ತರ ಮೀಟರಿನ ಬುಡದಲ್ಲಿ. ಜನಗಣತಿ, ವಿಪತ್ತು, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಅದರ ಹಿಂದಿನ 26ನೇ ಕಲಮು ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದು ಅನ್ನುತ್ತದೆ. ನೂರಕ್ಕೆ ಹತ್ತು ಅಂದರೆ ಪಿಜ್ಜಾದಲ್ಲಿ ಎಷ್ಟು ತುಂಡು, ಅದನ್ನು ಮೇಲಿನವರಿಗೆ ಯಾರಾದರೂ ಸ್ಲೈಡ್ ಹಾಕಿ ತೋರಿಸಬೇಕು.

ಸ್ವಯಂಸೇವೆಯನ್ನೇ ಹಳಿಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇದೇ ಸಾಲಿಗೆ ಕಾಲುವೆ ಇಲಾಖೆಯಿಂದ ನಿವೃತ್ತರಾದ ಹಿರಿಯ ಎಂಜಿನಿಯರೊಬ್ಬರು ಪ್ರತಿ ಮಂಗಳವಾರ ಹಳೇ ಲೂನಾ ಮೇಲೆ ಬರುತ್ತಿದ್ದರು. ಫ್ಲೆಕ್ಸ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಅಂಗಳದಲ್ಲಿ ಒಂದು ಮೀಟರಿನ ಕೋಲು ನಿಲ್ಲಿಸಿ ಅದರ ನೆರಳು ಅಳೆಸುವರು, ಆಮೇಲೆ ಬೇವಿನ ಗಿಡದ ನೆರಳು ಅಳೆಸಿ, “ಗಿಡ ಹತ್ತದ ಎತ್ತರ ಹೇಳ್ರಿ” ಅನ್ನುವರು. ಗೋಡೆಯ ಮೇಲೆ ಇದ್ದಲಿಯಲ್ಲಿ ಬರೆದ ಆ ಲೆಕ್ಕ ಇನ್ನೂ ಇದೆ. ಆಮೇಲೆ ಯಾರೋ ಭೇಟಿಗೆ ಬಂದವರು, “ಇವರು ಯಾರು? ಯಾವ ಸಂಸ್ಥೆ? ಅನುಮತಿ ಪತ್ರ ಎಲ್ಲಿ?” ಅಂದರು. ಸಾಲಿಗೆ ಬರುವ ಸ್ವಯಂಸೇವಕರಿಗಾಗಿ ಕೇಂದ್ರದವರು 2021ರಲ್ಲಿ ಹೊಸದಾಗಿ ತೆರೆದ ವಿದ್ಯಾಂಜಲಿ ಪೋರ್ಟಲ್ಲಿನಲ್ಲಿ ಹಿರಿಯರು ಮೊಮ್ಮಗನಿಂದ ಹೆಸರು ಹಚ್ಚಿಸಿದರು. ಒಪ್ಪಿಗೆ ಬರುವವರೆಗೆ ಬರಬೇಡಿ ಅಂದರು. ಬರುವುದು ನಿಂತಿತು.

ಹನ್ನೊಂದು ಮಂದಿಯ ಹತ್ತಿರ ಯಾರೂ ಅನುಮತಿ ಪತ್ರ ಕೇಳಲಿಲ್ಲ. ಕ್ಯಾಮೆರಾ ತಂದಿದ್ದರಲ್ಲ, ಸಾಕು. ನಗು ಬರುವುದಿಲ್ಲ ನನಗೆ ಇದಕ್ಕೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ನಮ್ಮ ಪಕ್ಕದ ವಿಜಯಪುರದವನು ಅಂತ ಮಹಾರಾಷ್ಟ್ರದವರ ಜೊತೆ ಇವತ್ತಿಗೂ ಜಗಳ ಕಾಯುತ್ತೇವೆ. ಈ ವರ್ಷದ ಗಣಿತದ ಮಾಸ್ತರ ಎಲ್ಲಿ ಅಂತ ಜಗಳ ಕಾಯಲು ಒಬ್ಬನೂ ಇಲ್ಲ. ಖಾಲಿ ಹುದ್ದೆ ತುಂಬುವುದಿಲ್ಲ, ತುಂಬಿದವನಿಗೆ ಕೂಲಿ ಕೊಡುವುದಿಲ್ಲ, ಪುಕ್ಕಟೆ ಬಂದವರನ್ನು ಬಿಟ್ಟುಕೊಳ್ಳುವುದಿಲ್ಲ, ಫೋಟೊ ಮಾತ್ರ ಮರುದಿನ ಪೇಪರಿಗೆ.

ನಿನ್ನೆ ರಾತ್ರಿ ಮತ್ತೆ ಗೆಳೆಯನ ಫೋನು. “ಈ ಸಲ ವಿಜ್ಞಾನಿಗಳು ಬರಾಕತ್ಯಾರ, ನೀ ಬಾರಪಾ.”

“ಕುರ್ಚಿಗೇನೋ?”

“ಕುರ್ಚಿಗೂ ಆತು. ಬರೂವಾಗ ಒಂದು ಪಾಕೀಟ ಅಡಿಗಿ ಸೋಡಾ ತಗೊಂಡ ಬಾ. ಅಕಿ ಕೋಣಿಗೆ ಕೀಲಿ ಹಾಕ್ಯಾಳ.”