ಎರಡು ಮಾನಿಟರ್‌ಗಳಿಗೆ ಗ್ರಾಫಿಕ್ಸ್ ಕಾರ್ಡ್ ಕಡ್ಡಾಯವಲ್ಲ: ಸ್ಪಷ್ಟನೆ

ಎರಡು ಮಾನಿಟರ್ ಜೋಡಿಸಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಕಳುಹಿಸುವ ಬಿಡಿಭಾಗ) ಕೊಳ್ಳಲೇಬೇಕು, ಇಲ್ಲವಾದರೆ ಎಚ್‌ಡಿಎಂಐ ಸ್ಪ್ಲಿಟರ್ (ಒಂದು ಪೋರ್ಟ್‌ನ ಚಿತ್ರವನ್ನು ಎರಡು ಮಾನಿಟರ್‌ಗಳಿಗೆ ಹಂಚುವ ಸಾಧನ) ಸಾಕು ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇವೆರಡೂ ತಪ್ಪು.

ಬರವಣಿಗೆ, ಲೆಕ್ಕಪತ್ರ, ಅಂತರ್ಜಾಲ ವೀಕ್ಷಣೆಯಂತಹ ಸಾಮಾನ್ಯ ಕೆಲಸಗಳಿಗೆ ಪ್ರೊಸೆಸರ್‌ನಲ್ಲೇ ಅಡಕವಾಗಿರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಇಂಟೆಲ್ 2012ರಲ್ಲಿ ಬಿಡುಗಡೆ ಮಾಡಿದ 3ನೇ ಪೀಳಿಗೆಯ ಕೋರ್ ಪ್ರೊಸೆಸರ್‌ಗಳ ಗ್ರಾಫಿಕ್ಸ್ ಕೂಡ ಮೂರು ಪರದೆಗಳವರೆಗೆ ನಿಭಾಯಿಸಬಲ್ಲದು. ಆದ್ದರಿಂದ ಹಣ ಕೊಡುವ ಮುನ್ನ, ಹಳೆಯ ಕಂಪ್ಯೂಟರನ್ನೇ ಕೊಳ್ಳುವುದಾದರೂ, ಅದರ ಹಿಂಬದಿಯಲ್ಲಿ ಮಾನಿಟರ್ ತಂತಿ ಸಿಕ್ಕಿಸಲು ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್‌ನಂತಹ ಎರಡು ಪೋರ್ಟ್‌ಗಳಿವೆಯೇ ಎಂದು ನೋಡಿಕೊಳ್ಳಿ. ಸಾಮಾನ್ಯ ಸ್ಪ್ಲಿಟರ್ ಒಂದೇ ಚಿತ್ರವನ್ನು ಎರಡೂ ಕಡೆ ತೋರಿಸುತ್ತದೆಯೇ ಹೊರತು ಎರಡರಲ್ಲೂ ಬೇರೆ ಬೇರೆ ಕೆಲಸ ಕಾಣುವಂತೆ ಪರದೆಯನ್ನು ವಿಸ್ತರಿಸುವುದಿಲ್ಲ.

ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಇಂಟೆಲ್ ಕೋರ್ ಪ್ರೊಸೆಸರ್‌ಗಳಲ್ಲಿ ಅಡಕ ಗ್ರಾಫಿಕ್ಸ್ ಇರುವುದಿಲ್ಲವಾದ್ದರಿಂದ ಅಲ್ಲಿ ಕಾರ್ಡ್ ಬೇಕೇ ಬೇಕು. ಸೀಮಿತ ಹಣದಲ್ಲಿ ಕೊಳ್ಳುವವರಿಗೆ ಅನಗತ್ಯ ವೆಚ್ಚ ತರುವ ಆ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ.